ಆನ್‌ಲೈನ್ ಅಂಗಡಿಯವ್ರು ಕೈಗೇ ಸಿಗ್ತಿಲ್ಲ ಅಂದ್ರೆ ಎಲ್ಲಿಂದ ಹುಡುಕ್ಬೇಕು

ಅಮ್ಮನಿಗೆ ಅಂತ ಒಂದು ಟೇಬಲ್ ಟಾಪ್ ಗ್ರೈಂಡರ್ ಆನ್‌ಲೈನಲ್ಲಿ ತರಿಸಿದ್ದೆ, ಎಂಟು ಸಾವಿರದ ಚಿಲ್ಲರೆ. ಮೂರನೇ ಸಲ ದೋಸೆಗೆ ರುಬ್ಬೋಕೆ ಹಾಕ್ದಾಗ ಮೋಟರ್ ಗುಂಯ್ ಅಂತಿದೆ, ಡ್ರಮ್ಮು ಮಾತ್ರ ಅಲ್ಲಾಡ್ತಿಲ್ಲ, ಉದ್ದಿನಬೇಳೆ ಅರ್ಧ ನುಣ್ಣಗಾಗಿ ಅರ್ಧ ಹಂಗೇ ನಿಂತಿದೆ. ಮಷೀನು ಅಂದ್ಮೇಲೆ ಕೆಡತ್ತೆ, ಅದಕ್ಕೆ ನನಗೆ ಬೇಜಾರಿಲ್ಲ. ಜಯನಗರ 4ನೇ ಬ್ಲಾಕಲ್ಲಿ ತಗೊಂಡಿದ್ರೆ ಆಟೋದಲ್ಲಿ ಹಾಕ್ಕೊಂಡು ಹೋಗಿ ಕೌಂಟರ್ ಮೇಲಿಟ್ಟು "ನೋಡಿ ಸಾರ್, ಏನ್ ಕೊಟ್ಟಿದೀರ" ಅಂತ ಕೇಳ್ಬೋದಿತ್ತು. ಇಲ್ಲಿ ಕೇಳೋಕೆ ಕೌಂಟರೇ ಇಲ್ಲ. ಫೋನ್ ನಂಬರ್ ಇಲ್ಲ, ಚಾಟ್ ತೆಗೆದ್ರೆ ಉತ್ತರ ಕೊಡೋದು ಮಷೀನು, ಕೊಟ್ಟಿರೋ ಅಡ್ರೆಸ್ಸಿಗೆ ಹೋದ್ರೆ ಅಲ್ಲಿ ಅವ್ರಿಲ್ಲ. ಹತ್ತಿರ ಹತ್ತಿರ ಒಂದೂವರೆ ತಿಂಗಳು ಓಡಾಡಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ, ಖರ್ಚಿಲ್ಲದ ಸುಲಭದ ದಾರಿ ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಯಾವ ಲಕ್ಷಣ ಕಾಣಿಸ್ತಿದೆಯೋ ಅಲ್ಲಿಗೆ ನೇರ ಹೋಗಿ, ಆದ್ರೆ ಈ ಕೆಳಗಿನ ಭಾಗ ಮಾತ್ರ ಎಲ್ರೂ ಓದ್ಲೇಬೇಕು.

ಶುರು ಮಾಡೋ ಮುಂಚೆ

ಕಂಪನಿ ಹೆಸರು ಹಾಕಿ "ಕಸ್ಟಮರ್ ಕೇರ್ ನಂಬರ್" ಅಂತ ಗೂಗಲಲ್ಲಿ ಹುಡುಕ್ಬೇಡಿ. ನಂಬರ್ ಸಿಗದೇ ತಲೆ ಕೆಟ್ಟಿರೋವಾಗ ಎಲ್ರೂ ಮಾಡೋದು ಇದನ್ನೇ, ಮೋಸಗಾರರು ಕಾಯ್ಕೊಂಡು ಕೂತಿರೋದೂ ಅಲ್ಲೇ. ನಮ್ಮ ಬಿಲ್ಡಿಂಗಿನ ಎರಡನೇ ಮಹಡಿ ಆಂಟಿ ಒಂದು ಸೀರೆ ರಿಫಂಡಿಗೆ ಹಿಂಗೆ ಹುಡುಕಿ ಸಿಕ್ಕಿದ ನಂಬರಿಗೆ ಫೋನ್ ಮಾಡಿದ್ರು, ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿ ಒಂದು ಆ್ಯಪ್ ಹಾಕ್ಕೊಳ್ಳಿ ಮೇಡಂ ಅಂದ, ಅದು ಸ್ಕ್ರೀನ್ ಶೇರಿಂಗ್ ಆ್ಯಪು, ಆಮೇಲೆ "ರಿಫಂಡ್ ಬರೋಕೆ ಪಿನ್ ಹಾಕಿ" ಅಂದ. ಸೀರೆ 1,400 ರೂಪಾಯಿದು, ಹೋಗಿದ್ದು ಹದಿನೆಂಟು ಸಾವಿರ. ಮನೆಯವರಿಗೆಲ್ಲ ಇಷ್ಟು ಹೇಳಿಡಿ: ದುಡ್ಡು ಬರೋದಕ್ಕೆ ಯುಪಿಐ ಪಿನ್ ಬೇಡ, ಪಿನ್ ಬೇಕಾಗೋದು ದುಡ್ಡು ಕಳಿಸೋಕೆ. ಓಟಿಪಿ, ಕಾರ್ಡಿನ ಹಿಂದಿರೋ ನಂಬರು, ಸ್ಕ್ರೀನ್ ಶೇರಿಂಗು ಇವು ಮೂರರಲ್ಲಿ ಯಾವುದನ್ನ ಕೇಳಿದ್ರೂ ಫೋನ್ ಇಟ್ಬಿಡಿ, ಒಂದ್ವೇಳೆ ನಿಜವಾದ ಕಂಪನಿಯವ್ರೇ ಆಗಿದ್ರೂ ಪರವಾಗಿಲ್ಲ ಇಟ್ಬಿಡಿ.

ಸೋಶಿಯಲ್ ಮೀಡಿಯಾದಲ್ಲಿ ಕಂಪನಿಯನ್ನ ಟ್ಯಾಗ್ ಮಾಡಿ ಬೈದ್ರೂ ಇದೇ ಅಪಾಯ ಇದೆ, ಎರಡೇ ನಿಮಿಷಕ್ಕೆ "ಸಪೋರ್ಟ್" ಅಂತ ಹೆಸರಿಟ್ಕೊಂಡಿರೋ ಅಕೌಂಟಿಂದ ಮೆಸೇಜ್ ಬರತ್ತೆ. ಆರ್ಡರ್ ನಂಬರ್, ಮೊಬೈಲ್ ನಂಬರ್ ಎಲ್ರಿಗೂ ಕಾಣೋ ಹಾಗೆ ಹಾಕ್ಬೇಡಿ.

ಇನ್ನೊಂದು, ಡಬ್ಬ ಬಿಸಾಕ್ಬೇಡಿ, ಗುಜರಿಗೂ ಹಾಕ್ಬೇಡಿ. ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಲಕ್ಷಣ: ಸೈಟಲ್ಲಿ ಫೋನ್ ನಂಬರೇ ಕಾಣ್ತಿಲ್ಲ, ಬರೀ ಒಂದು ಫಾರಂ ಇದೆ

ಹತ್ತು ನಿಮಿಷದ ಕೆಲಸ, ದುಡ್ಡು ಖರ್ಚಿಲ್ಲ. ಸೈಟಿನ ತಳಕ್ಕೆ ಹೋಗಿ, ಸಣ್ಣ ಅಕ್ಷರದಲ್ಲಿ ಟರ್ಮ್ಸ್, ಪ್ರೈವಸಿ ಪಾಲಿಸಿ, ರಿಟರ್ನ್ ಪಾಲಿಸಿ, ಶಿಪ್ಪಿಂಗ್ ಪಾಲಿಸಿ ಅಂತ ಲಿಂಕುಗಳಿರತ್ವೆ, ಒಂದೊಂದನ್ನೇ ತೆಗೆದು "ಗ್ರೀವೆನ್ಸ್" ಅನ್ನೋ ಪದ ಹುಡುಕಿ, ದೂರು ಅಂತ ಅರ್ಥ. ಕಾಂಟ್ಯಾಕ್ಟ್ ಪೇಜಲ್ಲಿ ಇಲ್ಲದಿರೋ ಹೆಸರು ಮೇಲ್ ಐಡಿ ಪ್ರೈವಸಿ ಪಾಲಿಸಿಯ ಕೊನೇ ಪ್ಯಾರಾದಲ್ಲಿ ಸಿಗೋದು ತುಂಬಾ ಸಲ ನೋಡಿದೀನಿ, ನನ್ನ ಗ್ರೈಂಡರ್ ಕಂಪನಿದೂ ಅಲ್ಲೇ ಇತ್ತು. ಆ್ಯಪ್ ಇದ್ರೆ ಪ್ಲೇ ಸ್ಟೋರಲ್ಲಿ ಆ ಆ್ಯಪಿನ ಪೇಜ್ ತೆಗೆದು ಕೆಳಗೆ ಡೆವಲಪರ್ ಕಾಂಟ್ಯಾಕ್ಟ್ ನೋಡಿ, ಅಲ್ಲೊಂದು ಮೇಲ್ ಐಡಿ ಇರತ್ತೆ, ಕಂಪನಿ ಹೆಸರಲ್ಲಿರೋ ಆ್ಯಪಿಗೆ ಅಡ್ರೆಸ್ಸೂ ಇರಬಹುದು. ಆರ್ಡರ್ ಕನ್ಫರ್ಮೇಶನ್ ಮೇಲು, ಅದರ ಜೊತೆ ಬಂದ ಬಿಲ್ ಪಿಡಿಎಫ್, ಅದನ್ನೂ ತೆಗೆದು ನೋಡಿ, ನಾವು ಮೊತ್ತ ನೋಡಿ ಮುಚ್ಚಿಬಿಡ್ತೀವಿ ಅಷ್ಟೇ.

ಇಷ್ಟು ಹುಡುಕಿದ್ಮೇಲೂ ಏನೂ ಸಿಗ್ಲಿಲ್ಲ ಅಂದ್ರೆ ಆ ಕಂಪನಿ ಬರೀ ಸೋಮಾರಿತನ ಮಾಡ್ತಿಲ್ಲ, ಕಾನೂನನ್ನೇ ಮುರೀತಿದೆ. 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲಿ ಸ್ಪಷ್ಟವಾಗಿದೆ, ಆನ್‌ಲೈನಲ್ಲಿ ಮಾರೋ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿ ಮತ್ತು ಬ್ರಾಂಚ್‌ಗಳ ವಿಳಾಸ, ಕಸ್ಟಮರ್ ಕೇರಿನ ಮತ್ತು ಗ್ರೀವೆನ್ಸ್ ಆಫೀಸರ್ ಅವರ ಸಂಪರ್ಕ ಇಷ್ಟನ್ನೂ ಸೈಟಲ್ಲಿ ಎದ್ದು ಕಾಣೋ ಹಾಗೆ ಹಾಕ್ಬೇಕು. ಇನ್ನೂ ಏನೂ ಕೊಂಡಿಲ್ಲ, ಸುಮ್ನೆ ನೋಡ್ತಿದೀರ ಅಂದ್ರೆ ಇಲ್ಲಿಗೇ ನಿಲ್ಲಿಸಿ, ಬೇರೆ ಅಂಗಡಿ ನೋಡ್ಕೊಳ್ಳಿ.

ಲಕ್ಷಣ: ಚಾಟ್‌ಬಾಟ್ ಸುತ್ತಿಸಿ ಸುತ್ತಿಸಿ ಮೊದಲನೇ ಮೆನುಗೇ ತಂದು ಬಿಡತ್ತೆ

ನನಗೆ ನಾಲ್ಕು ಆಯ್ಕೆ ಬರ್ತಿತ್ತು, ಆರ್ಡರ್ ಎಲ್ಲಿದೆ, ಕ್ಯಾನ್ಸಲ್ ಮಾಡಿ, ಆಫರ್, ಬೇರೆ. "ಬೇರೆ" ಒತ್ತಿದ್ರೆ ಮತ್ತೆ ಅದೇ ನಾಲ್ಕು. ಇಂಥ ಕಡೆ ಅದರ ಜೊತೆ ಗುದ್ದಾಡೋದ್ರಲ್ಲಿ ಅರ್ಥ ಇಲ್ಲ, ಎರಡು ಸಲ ನೋಡಿ, ಸ್ಕ್ರೀನ್‌ಶಾಟ್ ತಗೊಂಡು ಹೊರಗೆ ಬನ್ನಿ, ನಾವು ಸಂಪರ್ಕ ಮಾಡೋಕೆ ನೋಡಿದ್ವಿ ಅನ್ನೋದಕ್ಕೆ ಆ ಸ್ಕ್ರೀನ್‌ಶಾಟೇ ಸಾಕ್ಷಿ. ಆಮೇಲೆ ಗ್ರೀವೆನ್ಸ್ ಆಫೀಸರಿಗೆ ನೇರವಾಗಿ ಮೇಲ್ ಹಾಕಿ. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು, ಇದು ಅದೇ ನಿಯಮಗಳಲ್ಲಿರೋದು.

ಮೇಲಲ್ಲಿ ಕಥೆ ಬರೀಬೇಡಿ, ಸಿಟ್ಟೂ ಬೇಡ. ನಾನು ಮೊದಲು ಬರೆದಿದ್ದು ಒಂದು ಪುಟ, ಅಮ್ಮನ ಮಂಡಿ ನೋವಿಂದ ಹಿಡಿದು ಎಲ್ಲಾ ಇತ್ತು, ಅದಕ್ಕೆ ಉತ್ತರನೇ ಬರ್ಲಿಲ್ಲ. ಎರಡನೇ ಸಲ ಹಿಂಗೆ ಬರೆದೆ: "ಆರ್ಡರ್ ನಂಬರ್ ಇದು, ಈ ದಿನಾಂಕ ತಗೊಂಡಿದ್ದು, ಇಷ್ಟು ದುಡ್ಡು ಯುಪಿಐನಲ್ಲಿ ಕಟ್ಟಿದೀನಿ, ರೆಫರೆನ್ಸ್ ನಂಬರ್ ಇದು. ಮೋಟರ್ ಓಡತ್ತೆ, ಡ್ರಮ್ ತಿರುಗಲ್ಲ, ವಿಡಿಯೋ ಲಗತ್ತಿಸಿದೀನಿ. ಬದಲಿ ಗ್ರೈಂಡರ್ ಅಥವಾ ಪೂರ್ತಿ ಹಣ ವಾಪಸ್ ಬೇಕು. ಈ ದೂರಿನ ಟಿಕೆಟ್ ನಂಬರ್ ಕೊಡಿ." ಅಷ್ಟೇ. ಸಬ್ಜೆಕ್ಟಲ್ಲಿ ಗ್ರೀವೆನ್ಸ್ ಅಂತ ಹಾಕಿ ಆರ್ಡರ್ ನಂಬರ್ ಹಾಕಿ. ಮೇಲ್ ಹೋಗದೆ ವಾಪಸ್ ಬಂದ್ರೆ ಆ ಬೌನ್ಸ್ ಮೇಲನ್ನೂ ಇಟ್ಕೊಳ್ಳಿ, ಕೊಟ್ಟಿರೋ ಐಡಿನೇ ಸತ್ತಿದೆ ಅನ್ನೋದಕ್ಕೆ ಅದಕ್ಕಿಂತ ಪುರಾವೆ ಬೇಡ.

ಲಕ್ಷಣ: ದೊಡ್ಡ ಸೈಟಿನವ್ರು "ಮಾರಿದೋರು ನಾವಲ್ಲ, ಸೆಲ್ಲರನ್ನ ಕೇಳಿ" ಅಂತಾರೆ, ಆ ಸೆಲ್ಲರ್ ಎಲ್ಲೂ ಇಲ್ಲ

ಸೆಲ್ಲರ್ ಹೆಸರು ಏನೇನೋ ಇರತ್ತೆ, ಇಂಗ್ಲಿಷಲ್ಲಿ ನಾಲ್ಕು ದೊಡ್ಡಕ್ಷರ, ಮುಂದೆ "ಟ್ರೇಡರ್ಸ್". ಅದನ್ನ ಒತ್ತಿದ್ರೆ ರೇಟಿಂಗ್ ಬಿಟ್ರೆ ಇನ್ನೇನೂ ಕಾಣಲ್ಲ. ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಹಕ್ಕಿದೆ, ಕೊಂಡ ಮೇಲೆ ನೀವು ಲಿಖಿತವಾಗಿ ಕೇಳಿದ್ರೆ ಆ ಮಾರ್ಕೆಟ್‌ಪ್ಲೇಸು ಸೆಲ್ಲರಿನ ಮುಖ್ಯ ಕಚೇರಿ ವಿಳಾಸ, ಮೇಲ್ ಐಡಿ, ಜಗಳ ಬಗೆಹರಿಸ್ಕೊಳ್ಳೋಕೆ ಬೇಕಾದ ಬೇರೆ ವಿವರ ಕೊಡ್ಲೇಬೇಕು. ಚಾಟಲ್ಲಿ ಕೇಳ್ಬೇಡಿ, ಅವ್ರ ಗ್ರೀವೆನ್ಸ್ ಆಫೀಸರಿಗೆ ಮೇಲಲ್ಲಿ ಕೇಳಿ. ಪ್ಯಾಕೆಟ್ಟಲ್ಲಿ ಬಂದಿರೋ ವಸ್ತುವಿನ ಮೇಲೂ ತಯಾರಿಸಿದವ್ರ ಅಥವಾ ಪ್ಯಾಕ್ ಮಾಡಿದವ್ರ ಅಥವಾ ಆಮದು ಮಾಡ್ಕೊಂಡವ್ರ ಹೆಸರು ವಿಳಾಸ, ಗ್ರಾಹಕರ ದೂರಿಗೆ ಅಂತ ಫೋನು ಮೇಲು ಮುದ್ರಿಸಿರ್ಬೇಕು, ಇದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ. ತಿನ್ನೋ ಪದಾರ್ಥ ಆದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರತ್ತೆ, ಅದನ್ನ ಅವರ ಫಾಸ್ಕಾಸ್ ಪೋರ್ಟಲಲ್ಲಿ ಹಾಕಿದ್ರೆ ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಗೊತ್ತಾಗತ್ತೆ.

ಲಕ್ಷಣ: ಕೊಟ್ಟಿರೋ ಅಡ್ರೆಸ್ಸಿಗೆ ಹೋದ್ರೆ ಅಲ್ಲಿ ಅಂಗಡಿನೇ ಇಲ್ಲ

ನನಗೆ ಅತ್ಯಂತ ಸಂಕಟ ಆಗಿದ್ದು ಇಲ್ಲೇ. ಸೈಟಲ್ಲಿ ಎಚ್‌ಎಸ್‌ಆರ್ ಲೇಔಟಿನ ಅಡ್ರೆಸ್ ಇತ್ತು, ಸೆಕ್ಟರು, ಮೇನು, ಕ್ರಾಸು, ಬಿಲ್ಡಿಂಗ್ ನಂಬರ್ ಎಲ್ಲಾ ಸರಿಯಾಗೇ ಇತ್ತು. ಬಸವೇಶ್ವರನಗರದಿಂದ ಸಿಲ್ಕ್ ಬೋರ್ಡ್ ದಾಟಿ ಅಲ್ಲಿಗೆ ತಲುಪೋಕೆ ಎರಡು ಗಂಟೆ, ತೊಡೆ ಮೇಲೆ ಗ್ರೈಂಡರ್ ಇಟ್ಕೊಂಡು. ಹೋದ್ರೆ ಅದು ಕೋವರ್ಕಿಂಗ್ ಬಿಲ್ಡಿಂಗು. ರಿಸೆಪ್ಷನ್ ಹಿಂದಿನ ಗೋಡೆ ಮೇಲೆ ಅಂಗೈ ಅಗಲದ ಅಕ್ರಿಲಿಕ್ ಬೋರ್ಡುಗಳು ಸಾಲು ಸಾಲಾಗಿ, ಎಣಿಸ್ದೆ, ನಲವತ್ತೊಂದು ಕಂಪನಿ, ನಮ್ಮ ಕಂಪನಿ ಮೇಲಿಂದ ಆರನೇದು. ಅದರ ಹೆಸರಿನ ಕೋಣೆ ಇಲ್ಲ, ಕುರ್ಚಿನೂ ಇಲ್ಲ. ಸೆಕ್ಯುರಿಟಿ ತಾತ ಗ್ರೈಂಡರ್ ನೋಡಿದ ತಕ್ಷಣ "ಆ ಕಂಪನಿನಾ ಸಾರ್, ದಿನಾ ಇಬ್ರು ಮೂವರು ಬರ್ತಾರೆ, ಇಲ್ಲಿಗೆ ಬರೋದು ಬರೀ ಕಾಗದ ಸಾರ್, ಮನುಷ್ಯರು ಬರಲ್ಲ" ಅಂದ್ರು, ಕೂತ್ಕೊಳ್ಳೋಕೆ ತಮ್ಮ ಸ್ಟೂಲ್ ಕೊಟ್ರು, ನೀರೂ ಕೊಟ್ರು. ಆ ಕಂಪನಿಯ ಕಡೆಯಿಂದ ನನಗೆ ಸಿಕ್ಕಿದ ಮೊದಲನೇ ಮನುಷ್ಯ ಅಂದ್ರೆ ಅವ್ರೇ, ಅವ್ರು ಆ ಕಂಪನಿಯವರೂ ಅಲ್ಲ.

ಇದನ್ನ ವರ್ಚುವಲ್ ಆಫೀಸ್ ಅಂತಾರೆ, ಅಡ್ರೆಸ್ಸನ್ನ ಮಾತ್ರ ಬಾಡಿಗೆಗೆ ಕೊಡೋದು, ಅಂಚೆ ತಗೊಂಡು ಇಡೋದು. ಅದೇ ಮೋಸ ಅಂತ ಹೇಳೋಕಾಗಲ್ಲ, ತುಂಬಾ ಸಣ್ಣ ಕಂಪನಿಗಳು ಹಿಂಗೇ ನಡೀತಿವೆ. ಆದ್ರೆ ಅಲ್ಲಿಗೆ ಹೋಗೋದ್ರಿಂದ ಪ್ರಯೋಜನ ಇಲ್ಲ, ಕಾಗದ ಕಳಿಸೋದ್ರಿಂದ ಇದೆ, ಯಾಕಂದ್ರೆ ಅಲ್ಲಿ ಕಾಗದ ತಗೋತಾರೆ. ಅದಕ್ಕೇ ನನ್ನ ಹಾಗೆ ಮಷೀನ್ ಹೊತ್ಕೊಂಡು ಹೋಗೋ ಮುಂಚೆ ಇವನ್ನ ಮಾಡಿ.

ಮೊದಲು ಡಬ್ಬ ನೋಡಿ. ಅಮ್ಮ ಡಬ್ಬ ಅಟ್ಟದ ಮೇಲೆ ಇಟ್ಟಿದ್ರು, ಊರಿಗೆ ಹೋಗೋವಾಗ ಸಾಮಾನು ತುಂಬೋಕೆ ಬರತ್ತೆ ಅಂತ. ಇಳಿಸಿ ಧೂಳು ಒರೆಸಿದ್ರೆ ಕೊರಿಯರ್ ಲೇಬಲ್ ಇನ್ನೂ ಅಂಟ್ಕೊಂಡಿದೆ, ದೊಡ್ಡಕ್ಷರದಲ್ಲಿ ನನ್ನ ಅಡ್ರೆಸ್ಸು, ಅದರ ಕೆಳಗೆ ಬಾರ್‌ಕೋಡು, ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ "ತಲುಪದಿದ್ದರೆ ಹಿಂದಿರುಗಿಸಿ" ಅನ್ನೋ ಸಾಲು, ನೆಲಮಂಗಲ ಹತ್ತಿರದ ಒಂದು ಗೋಡೌನಿನ ಅಡ್ರೆಸ್ಸು, ಮೊಬೈಲ್ ನಂಬರ್. ಸೈಟಲ್ಲಿ ಎಲ್ಲೂ ಇಲ್ಲದ ನಂಬರು ಅದು. ಮಾಲು ವಾಪಸ್ ಬಂದ್ರೆ ಅವರಿಗೇ ಬೇಕಲ್ಲ, ಅದಕ್ಕೇ ಅಲ್ಲಿ ನಿಜವಾದ ಅಡ್ರೆಸ್ ಹಾಕಿರ್ತಾರೆ. ನಾನು ಹೇಳ್ಬೇಕು ಅಂತಿರೋದು ಇದನ್ನೇ, ಕಂಪನಿಯವ್ರು ನಮಗೆ ಅಂತ ಬರೆಯೋ ಕಡೆ ಸಿಗದ ವಿಷಯ ಅವ್ರು ಕೊರಿಯರ್‌ಗೆ, ತೆರಿಗೆಗೆ, ಬ್ಯಾಂಕಿಗೆ ಅಂತ ಬರೆದಿರೋ ಕಡೆ ಸಿಗತ್ತೆ.

ಆಮೇಲೆ ಬಿಲ್ಲಲ್ಲಿರೋ ಜಿಎಸ್‌ಟಿ ನಂಬರ್. 15 ಅಕ್ಷರ ಇರತ್ತೆ, ಮೊದಲಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕ ಅಂದ್ರೆ 29, ಅದಾದ್ಮೇಲಿನ ಹತ್ತು ಅವ್ರ ಪ್ಯಾನ್ ನಂಬರು. ಜಿಎಸ್‌ಟಿ ಪೋರ್ಟಲಲ್ಲಿ "ಸರ್ಚ್ ಟ್ಯಾಕ್ಸ್‌ಪೇಯರ್" ಅಂತಿದೆ, ಲಾಗಿನ್ ಬೇಡ, ನಂಬರ್ ಹಾಕಿದ್ರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ಯಾವತ್ತು ನೋಂದಣಿ ಆಯ್ತು, ವ್ಯವಹಾರದ ಮುಖ್ಯ ಜಾಗ ತೋರಿಸತ್ತೆ. "ಆ್ಯಕ್ಟಿವ್" ಅಂತಿದ್ರೆ ಆ ಹೆಸರಲ್ಲಿ ವ್ಯಾಪಾರ ಇನ್ನೂ ನಡೀತಿದೆ, ನಿಮ್ಮ ಕಾಗದ ಯಾರಿಗೆ ಹೋಗ್ಬೇಕು ಅಂತ ಗೊತ್ತಾಯ್ತು. "ಕ್ಯಾನ್ಸಲ್ಡ್" ಅಂತಿದ್ದು ಆ ದಿನಾಂಕ ಆದ್ಮೇಲೆ ನಿಮಗೆ ಜಿಎಸ್‌ಟಿ ಹಾಕಿ ಬಿಲ್ ಕೊಟ್ಟಿದ್ರೆ ವಿಷಯ ಗಂಭೀರ. ಬಿಲ್ಲಲ್ಲಿರೋ ನಂಬರ್ ಬೇರೆ ಯಾರದ್ದೋ ಹೆಸರು ತೋರಿಸಿದ್ರೆ ಇನ್ನೂ ಗಂಭೀರ. ನಂಬರೇ ಇಲ್ಲ ಅಂದ್ರೆ ಗಾಬರಿ ಬೇಡ, ಮಲ್ಲೇಶ್ವರದಲ್ಲಿ ಮನೇಲೇ ಚಟ್ನಿಪುಡಿ ಹಪ್ಪಳ ಮಾಡಿ ಮಾರೋರಿಗೆ ಜಿಎಸ್‌ಟಿ ಇಲ್ದೇ ಇರಬಹುದು, ಆದ್ರೆ ಅವ್ರು ಫೋನ್ ಎತ್ತಾರೆ.

ಪ್ರೈವೇಟ್ ಲಿಮಿಟೆಡ್ ಅಂತಿದ್ರೆ ಇನ್ನೊಂದು ದಾರಿ, ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಸೈಟಲ್ಲಿ ಕಂಪನಿ ಹೆಸರು ಅಥವಾ 21 ಅಕ್ಷರದ ಸಿಐಎನ್, ಅಂದ್ರೆ ಕಂಪನಿ ನೋಂದಣಿ ನಂಬರ್, ಹಾಕಿದ್ರೆ ನೋಂದಾಯಿತ ಕಚೇರಿ ವಿಳಾಸ ಸಿಗತ್ತೆ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪ್ರತಿ ಕಂಪನಿ ವ್ಯವಹಾರ ನಡೆಸೋ ಜಾಗದ ಹೊರಗೆ ತನ್ನ ಹೆಸರು, ನೋಂದಾಯಿತ ವಿಳಾಸ ಕಾಣೋ ಹಾಗೆ ಹಾಕ್ಬೇಕು, ಅದೂ ಆ ಊರಿನ ಜನ ಬಳಸೋ ಭಾಷೆಗಳಲ್ಲಿ ಒಂದರ ಅಕ್ಷರದಲ್ಲಿ ಇರ್ಬೇಕು. ಬೆಂಗಳೂರಲ್ಲಿ ಅಂದ್ರೆ ನನ್ನ ಲೆಕ್ಕಕ್ಕೆ ಕನ್ನಡ. ಎಚ್‌ಎಸ್‌ಆರ್‌ನ ಆ ಗೋಡೆ ಮೇಲಿದ್ದ ನಲವತ್ತೊಂದರಲ್ಲಿ ಕನ್ನಡ ಇದ್ದಿದ್ದು ಮೂರರಲ್ಲಿ.

ಎಚ್ಚರಿಕೆ: ಗೋಡೌನಿಗೆ ಹೋಗೋದಾದ್ರೆ ಹಗಲಲ್ಲಿ, ಜೊತೆಗೊಬ್ರನ್ನ ಕರ್ಕೊಂಡು ಹೋಗಿ. ಅಲ್ಲಿರೋರು ಸಂಬಳಕ್ಕೆ ಮಾಲು ಇಳಿಸೋ ಹುಡುಗರು, ಅವರ ಮೇಲೆ ರೇಗಾಡ್ಬೇಡಿ. ನೋಂದಾಯಿತ ವಿಳಾಸ ಯಾರದ್ದೋ ಮನೆ ಅಂತ ಗೊತ್ತಾದ್ರೆ ಬಾಗಿಲು ಬಡಿಯೋದು ಬೇಡ, ಆ ಮನೆ ಫೋಟೋ ಎಲ್ಲೂ ಹಾಕೋದೂ ಬೇಡ, ಕಾಗದ ಕಳಿಸಿ ಸಾಕು.

ಲಕ್ಷಣ: ದುಡ್ಡು ಹೋದ ತಕ್ಷಣ ಪೇಜ್ ಮಾಯ, ಇಲ್ಲಾ ನಿಮ್ಮನ್ನ ಬ್ಲಾಕ್ ಮಾಡಿದಾರೆ

ಇಲ್ಲಿ ಹುಡುಕೋ ಕೆಲಸ ನಿಲ್ಲಿಸಿ. ಇದು ಸರ್ವಿಸ್ ತೊಂದರೆ ಅಲ್ಲ, ವಂಚನೆ ಅಂತ ತಿಳ್ಕೊಂಡು ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳ್ತೀರೋ ದುಡ್ಡು ಮುಂದಿನ ಅಕೌಂಟಿಗೆ ದಾಟೋ ಮುಂಚೆ ತಡೆಯೋ ಸಾಧ್ಯತೆ ಅಷ್ಟು ಜಾಸ್ತಿ, ನಾಳೆ ನೋಡೋಣ ಅನ್ಬೇಡಿ, ರಾತ್ರಿ ಆಗಿದ್ರೂ ಮಾಡಿ. ಯುಪಿಐ ಹಿಸ್ಟರಿಯಲ್ಲಿ 12 ಅಂಕಿಯ ರೆಫರೆನ್ಸ್ ನಂಬರ್ ಇರತ್ತೆ, ದುಡ್ಡು ಹೋದ ಯುಪಿಐ ಐಡಿ, ಬ್ಯಾಂಕಲ್ಲಿರೋ ಹೆಸರು ಇವು ಕೈಯಲ್ಲಿರ್ಲಿ. ಬ್ಯಾಂಕಿಗೂ ತಿಳಿಸಿ, ಸೈಬರ್ ಕ್ರೈಮ್ ಪೋರ್ಟಲಲ್ಲೂ ದಾಖಲಿಸಿ, ಬೆಂಗಳೂರಲ್ಲಿ ಡಿವಿಷನ್‌ಗೆ ಒಂದರಂತೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ, ನಿಮ್ಮ ಏರಿಯಾದ್ದಕ್ಕೆ ಹೋಗಬಹುದು. ಚಾಟ್ ಡಿಲೀಟ್ ಮಾಡ್ಬೇಡಿ.

ಪೇಜ್ ಇನ್ನೂ ಇದೆ, ಉತ್ತರ ಮಾತ್ರ ನಿಧಾನ ಅಂದ್ರೆ ಎರಡು ಮೂರು ದಿನ ಕಾಯಬಹುದು. ಸೈಟ್ ಇದ್ರೆ ಹೂಈಸ್‌ನಲ್ಲಿ (ಸೈಟಿನ ನೋಂದಣಿ ವಿವರ ತೋರಿಸೋ ಸೇವೆ) ಡೊಮೇನ್, ಅಂದ್ರೆ ಸೈಟಿನ ಹೆಸರು, ನೋಂದಣಿ ಆದ ದಿನಾಂಕ ನೋಡಿ, "30 ವರ್ಷದಿಂದ ನಿಮ್ಮ ಸೇವೆಯಲ್ಲಿ" ಅಂತ ಬರ್ಕೊಂಡಿರೋ ಸೈಟು ಹೋದ ತಿಂಗಳು ಹುಟ್ಟಿದ್ರೆ ಕಾಯೋದು ಬೇಡ.

ಲಕ್ಷಣ: ತಿಂಗಳು ತಿಂಗಳು ದುಡ್ಡು ಕಟ್ ಆಗತ್ತೆ, ನಿಲ್ಲಿಸೋಕೆ ಬಟನ್ ಇಲ್ಲ

ಅವ್ರನ್ನ ಹುಡುಕೋದು ಆಮೇಲೆ, ಮೊದಲು ನಲ್ಲಿ ಮುಚ್ಚಿ. ನಿಮ್ಮ ಯುಪಿಐ ಆ್ಯಪಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ (ತಾನಾಗೇ ದುಡ್ಡು ಕಟ್ ಮಾಡೋಕೆ ನಾವು ಕೊಟ್ಟಿರೋ ಒಪ್ಪಿಗೆ) ಅಂತ ಇರತ್ತೆ, ಅಲ್ಲೇ ರದ್ದು ಮಾಡಿ, ಕಾರ್ಡ್ ಆದ್ರೆ ಬ್ಯಾಂಕಿಗೆ ಹೇಳಿ ಇ-ಮ್ಯಾಂಡೇಟ್ ತೆಗೆಸಿ. ದುಡ್ಡು ಕಟ್ ಆಗೋಕೆ 24 ಗಂಟೆ ಮುಂಚೆ ಒಂದು ಮೆಸೇಜ್ ಬರತ್ತೆ, ಅದರಲ್ಲಿ ಕಂಪನಿ ಹೆಸರೂ ಇರತ್ತೆ. ಬಟನ್ ಬಚ್ಚಿಡೋದಕ್ಕೆ ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅಂತ ಹೆಸರು, 2023ರ ನವೆಂಬರಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನ ಸಿಕ್ಕಿಸೋ ಸೈಟಿನ ತಂತ್ರ) ಮಾರ್ಗಸೂಚಿಯಲ್ಲಿ ನಿಷೇಧ ಮಾಡಿರೋ 13ರಲ್ಲಿ ಅದೂ ಒಂದು. ಬ್ಯಾಂಕೇ ಕೇಳಿಸ್ಕೊಳ್ಳದಿದ್ರೆ 30 ದಿನ ಆದ್ಮೇಲೆ ಬ್ಯಾಂಕ್ ಮೇಲಿನ ದೂರು ಕೇಳೋ ಆರ್‌ಬಿಐ ಓಂಬಡ್ಸ್‌ಮನ್‌ಗೆ ದೂರು ಕೊಡಬಹುದು, 14448 ಅವರ ನಂಬರ್.

ಲಕ್ಷಣ: ಅಡ್ರೆಸ್ ಸಿಕ್ತು, ಮೇಲೂ ಹೋಯ್ತು, ಆದ್ರೂ ಯಾರೂ ಅಲ್ಲಾಡ್ತಿಲ್ಲ

1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ವಾಟ್ಸಾಪಲ್ಲಿ 8800001915ಕ್ಕೂ ಕಳಿಸಬಹುದು, ದೂರು ದಾಖಲಾದ್ರೆ ಒಂದು ನಂಬರ್ ಕೊಡ್ತಾರೆ. ಅವ್ರು ಕೋರ್ಟ್ ಅಲ್ಲ, ಕಂಪನಿಗೆ ಆದೇಶ ಮಾಡೋಕಾಗಲ್ಲ, ಆದ್ರೆ ಕಂಪನಿಗೆ ದಾಟಿಸಿ ಉತ್ತರ ಕೇಳ್ತಾರೆ, ತುಂಬಾ ಕೇಸು ಇಷ್ಟರಲ್ಲೇ ಮುಗಿಯತ್ತೆ.

ಜೊತೆಗೆ ಕಾಗದ. ನಾನು ಒಂದೇ ಪುಟದ ನೋಟಿಸ್ ಬರೆದು, 1915ರ ದೂರಿನ ನಂಬರನ್ನ ಮೇಲೇ ಹಾಕಿ, 15 ದಿನ ಗಡುವು ಕೊಟ್ಟು, ರಾಜಭವನ ರಸ್ತೆ ಜಿಪಿಓದಿಂದ (ಮುಖ್ಯ ಅಂಚೆ ಕಚೇರಿ) ಮೂರು ಕಡೆಗೆ ಸ್ಪೀಡ್ ಪೋಸ್ಟ್ ಮಾಡ್ದೆ, ಎಚ್‌ಎಸ್‌ಆರ್ ಅಡ್ರೆಸ್, ಎಂಸಿಎಯಲ್ಲಿದ್ದ ನೋಂದಾಯಿತ ವಿಳಾಸ, ನೆಲಮಂಗಲದ ಗೋಡೌನು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿರೋದ್ರಿಂದ ಕೌಂಟರಲ್ಲಿ ಸ್ಪೀಡ್ ಪೋಸ್ಟ್ ಅಂತಾನೇ ಕೇಳಿ, ರಸೀದಿ ಮತ್ತೆ ತಲುಪಿದ್ದಕ್ಕೆ ಟ್ರ್ಯಾಕಿಂಗಿನ ಪ್ರಿಂಟು ಎರಡನ್ನೂ ಇಟ್ಕೊಳ್ಳಿ. ಒಂಬತ್ತನೇ ದಿನ ಒಬ್ಬ ಹುಡುಗಿ ಫೋನ್ ಮಾಡಿ "ಸಾರ್, ಪಿಕಪ್‌ಗೆ ಯಾವತ್ತು ಕಳಿಸ್ಲಿ" ಅಂದ್ಲು. ಹೊಸ ಗ್ರೈಂಡರ್ ಬಂತು. ಅದರ ಡಬ್ಬನೂ ಅಟ್ಟದ ಮೇಲಿದೆ.

ಕಾಗದಕ್ಕೂ ಜಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಲೇ ದಾಖಲಿಸಬಹುದು, ನೀವು ಕೊಟ್ಟ ಬೆಲೆ 5 ಲಕ್ಷದ ತನಕ ಇದ್ರೆ ಫೀಸ್ ಇಲ್ಲ, ವಕೀಲರು ಇರ್ಲೇಬೇಕು ಅಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ್ಮೇಲೆ ನೀವು ವಾಸ ಇರೋ ಊರಲ್ಲೇ ಕೇಸ್ ಹಾಕಬಹುದು, ಕಂಪನಿ ಗುರಗಾಂವಲ್ಲಿದ್ರೂ ಸೂರತ್ತಲ್ಲಿದ್ರೂ ನೀವು ಅಲ್ಲಿಗೆ ಹೋಗ್ಬೇಕಾಗಿಲ್ಲ. ಆದ್ರೆ ಎದುರು ಪಾರ್ಟಿಯ ಸರಿಯಾದ ಹೆಸರು, ನೋಟಿಸ್ ತಲುಪೋ ವಿಳಾಸ ಬೇಕು, ಇಲ್ಲಿ ತನಕ ಹುಡುಕಿದ್ದೆಲ್ಲ ಕೆಲಸಕ್ಕೆ ಬರೋದು ಆಗ. ಮೊತ್ತ ದೊಡ್ಡದು, ಅಥವಾ ವಸ್ತುವಿಂದ ಯಾರಿಗಾದ್ರೂ ಶಾಕ್ ಹೊಡೆದು ಸುಟ್ಟು ಗಾಯ ಆಗಿದೆ ಅಂದ್ರೆ ನೀವೇ ಬರೀಬೇಡಿ, ವಕೀಲರನ್ನ ನೋಡಿ, ಆ ವಸ್ತುವನ್ನ ರಿಪೇರಿಗೂ ಕೊಡ್ಬೇಡಿ, ಹಂಗೇ ಎತ್ತಿಡಿ. ಕೇಸ್ ಹಾಕೋಕೆ ಎರಡು ವರ್ಷ ಕಾಲ ಇದೆ, ತಕರಾರು ಹುಟ್ಟಿದ ದಿನದಿಂದ ಲೆಕ್ಕ, ಅದಕ್ಕೇ ವಸ್ತು ಕೆಟ್ಟಿದ್ದು ಯಾವತ್ತು ಅನ್ನೋ ದಿನಾಂಕ ನಿಮ್ಮ ಮೊದಲನೇ ಮೇಲಲ್ಲೇ ಇರ್ಲಿ.